ಎರಡು ಗಿಡ್ಡ, ಒಂದು ಉದ್ದ

ಗೋಣಿಮಾವ ಕಿರ್ರೆಂದು ತಂತಿಯ ಮೇಲೆ ಜಾರುತ್ತ ನೇರ ಎದೆಗೇ ಬರುತ್ತಿದ್ದ.

ಅದು ಮರಳು, ಹರಕು ಬಟ್ಟೆ ತುಂಬಿದ ಆಳೆತ್ತರದ ಚೀಲ. ಹೇಳದೆ ಕೇಳದೆ ನುಗ್ಗುತ್ತದೆಂಬ ಕಾರಣಕ್ಕೆ ಗುಂಡು ಹೊಡೆಯಲು ಕಲಿಯುವವರೆಲ್ಲ ಅದಕ್ಕೆ ಮಾವ ಎಂದು ಹೆಸರಿಟ್ಟಿದ್ದರು. ಇನ್‌ಸ್ಪೆಕ್ಟರ್ ಮೈದಾನವನ್ನು ಮೂರು ಸುತ್ತು ಓಡಿ ಬಂದು ಆಗಷ್ಟೇ ನಿಂತಿದ್ದಳು. ಉಸಿರು ಬಾಯಿಗೆ ಬಂದಿತ್ತು. ಕಿವಿಯ ಪಕ್ಕದಲ್ಲೇ ತಗಡಿನ ಡಬ್ಬ ಢಣಢಣ ಬಡಿಯುತ್ತಿತ್ತು.

ಡಬ್ಬ ನಿಂತಿತು. ಸೀಟಿ ಒಂದು ಸಲ ಕೂಗಿತು. ಅವಳ ಕೈ ಸೊಂಟಕ್ಕೆ ಹೋಯಿತು, ಚರ್ಮದ ಒರೆಯ ಪಟ್ಟಿ ಬಿಚ್ಚಿತು, ಪಿಸ್ತೂಲು ಮೇಲೆದ್ದಿತು. ಒಂದು ಗುಂಡು ಮಾವನ ಭುಜಕ್ಕೆ ಬಿತ್ತು, ಎರಡನೆಯದು ಹೊಟ್ಟೆಗೆ. ಮಾವ ನಿಲ್ಲಲಿಲ್ಲ.

ಮತ್ತೆ ಸೀಟಿ. ಎರಡು ಗಿಡ್ಡ, ಒಂದು ಉದ್ದ.

ಪಿಸ್ತೂಲು ಒರೆಗೆ ಇಳಿಯಿತು. ಹೆಬ್ಬೆರಳು ಪಟ್ಟಿಯ ಟಿಚ್ ಬಟನ್ ಒತ್ತಿತು. ಮರುಕ್ಷಣವೇ ಗೋಣಿಮಾವ ಬಂದು ಎದೆಗೆ ಅಪ್ಪಳಿಸಿದ. ನಲವತ್ತೈದು ದಾಟಿದ ಹೆಂಗಸು, ಠಾಣೆಗೆ ಠಾಣೆಯೇ ಹೆದರುವ ಇನ್‌ಸ್ಪೆಕ್ಟರ್, ಧೂಳಿನಲ್ಲಿ ಅಂಗಾತ ಬಿದ್ದಳು.

"ಸತ್ತೆ," ಎಂದರು ಡಬ್ಬ ಬಡಿಯುತ್ತಿದ್ದ ತಗಡು ಮೇಷ್ಟ್ರು, ಗಂಟೆ ಎಷ್ಟೆಂದು ಕೇಳಿದವರಿಗೆ ಹೇಳುವ ಹಾಗೆ.

ಅವಳು ಏಳಲಿಲ್ಲ. ಮಲಗಿದಲ್ಲೇ ಒರೆಯ ಬಟನ್ ಮುಟ್ಟಿ ನೋಡಿದಳು. ಭದ್ರವಾಗಿ ಕೂತಿತ್ತು. ಬೇಕೆಂದು ಹಾಕಿದವರ ಹಾಗೆ.

"ಇವತ್ತು ಸೀಟಿ ಊದಿದ್ರೂ ಒಳಗಿಡಬಾರದು ಅಂತ ಬೆಳಿಗ್ಗೆಯಿಂದ ಜಪ ಮಾಡ್ಕೊಂಡು ಬಂದಿದ್ದೆ ಮೇಷ್ಟ್ರೇ."

"ಮತ್ತೇನಾಯ್ತು?"

"ಕೈ ಕೇಳಲಿಲ್ಲ."

ಮೇಷ್ಟ್ರು ಮೂಗು ಮುರಿದರು. "ತಲೆಗೆ ಹೇಳಿದ್ದನ್ನ ಕೈ ಯಾಕೆ ಕೇಳುತ್ತೆ? ಹತ್ತು ದಿನದಿಂದ ಕೈಗೆ ಹೇಳ್ತಾ ಇರೋದು ಬೇರೆ. ಏಳು, ನೆಲ ಒರೆಸಿದ್ದು ಸಾಕು."

ಗುರಿ ಇಡುವುದನ್ನು ಯಾವ ದಡ್ಡನಿಗಾದರೂ ಕಲಿಸಬಹುದು, ಎದೆ ಡವಗುಟ್ಟುವಾಗ ಗುರಿ ಇಡುವುದನ್ನು ಕಲಿಸುವುದೇ ಕಷ್ಟ ಎಂಬುದು ಈ ಮುದುಕನ ಹಟ. ಅದಕ್ಕೇ ಅವರು ಕಲಿಯಲು ಬಂದವರನ್ನು ನಾಲಿಗೆ ಹೊರಬರುವ ತನಕ ಓಡಿಸುತ್ತಿದ್ದರು, ತಗಡು ಬಡಿಯುತ್ತಿದ್ದರು, ಅವರ ವಂಶವನ್ನೆಲ್ಲ ಬೈದು ಆಮೇಲೆ ಮಾವನನ್ನು ಬಿಡುತ್ತಿದ್ದರು. ಪೊಲೀಸರು, ಬ್ಯಾಂಕಿನ ಕಾವಲುಗಾರರು, ಹಣ ಸಾಗಿಸುವ ವ್ಯಾನಿನ ಗಾರ್ಡುಗಳು, ಎಲ್ಲರೂ ಇದೇ ಧೂಳು ತಿಂದು ಹೋದವರು. ಇಪ್ಪತ್ತು ವರ್ಷದ ಹಿಂದೆ ಅವಳೂ ತಿಂದಿದ್ದಳು.

ಎರಡು ವಾರದ ಹಿಂದೆ ಸತ್ತ ಗಾರ್ಡೂ ತಿಂದಿದ್ದ.

ಹಾಡಹಗಲು, ಅಂಗಡಿ ಬೀದಿಯಲ್ಲಿ, ಹೆಲ್ಮೆಟ್ ಹಾಕಿದ್ದ ಒಬ್ಬ ಹಣದ ವ್ಯಾನಿಗೆ ಅಡ್ಡ ಬಂದಿದ್ದ. ಗಾರ್ಡು ಇಳಿದು ಎರಡು ಗುಂಡು ಹಾರಿಸಿದ್ದ. ಆಮೇಲೆ, ಕಳ್ಳ ಎದುರಿಗೇ ನಿಂತಿರುವಾಗ, ಪಿಸ್ತೂಲನ್ನು ಒರೆಗೆ ಇಟ್ಟು ನಿಂತುಬಿಟ್ಟಿದ್ದ. ಕಳ್ಳ ನಿಧಾನವಾಗಿ ಗುರಿ ಇಟ್ಟು ಅವನನ್ನು ಕೊಂದು, ಪೆಟ್ಟಿಗೆ ಎತ್ತಿಕೊಂಡು ಬೈಕಿನಲ್ಲಿ ಮಾಯವಾಗಿದ್ದ.

ಹೆಣದ ಸೊಂಟದಲ್ಲಿ ಪಿಸ್ತೂಲು ಇತ್ತು. ಅದರಲ್ಲಿ ಇನ್ನೂ ಗುಂಡುಗಳಿದ್ದವು. ಪಟ್ಟಿಯ ಬಟನ್ ಹಾಕಿತ್ತು.

ದೊಡ್ಡ ಸಾಹೇಬರಿಗೆ ಇಷ್ಟೇ ಸಾಕಾಗಿತ್ತು. "ಒಳಗಿನವನೇ ಕಣಮ್ಮ. ಲೆಕ್ಕಕ್ಕೆ ಎರಡು ಗುಂಡು ಹಾರಿಸಿದ, ಆಮೇಲೆ ಬನ್ನಿ ಅಂತ ದಾರಿ ಬಿಟ್ಟ. ಕೊನೇಲಿ ಅವರು ಇವನ ಕೈಗೂ ಚಿಪ್ಪು ಕೊಟ್ರು, ಅಷ್ಟೇ." ಪತ್ರಿಕೆಗಳೂ ಅದನ್ನೇ ಬರೆದವು. ಸತ್ತವನು ಎದ್ದು ಬಂದು ಅಲ್ಲ ಎನ್ನುವುದಿಲ್ಲವಲ್ಲ.

ಅವಳ ತಲೆಯಲ್ಲಿ ಹುಳ ಬಿಟ್ಟವನು ಒಬ್ಬ ಹಲ್ಲಿನ ಡಾಕ್ಟರು. ಅವನ ಕ್ಲಿನಿಕ್ಕು ಅದೇ ಬೀದಿಯ ಮೊದಲ ಮಹಡಿಯಲ್ಲಿತ್ತು, ಕುರ್ಚಿ ಕಿಟಕಿಯ ಪಕ್ಕದಲ್ಲಿತ್ತು. ಗುಂಡಿನ ಸದ್ದನ್ನು ಅವನು ಪಟಾಕಿ ಎಂದುಕೊಂಡಿದ್ದ. ಆದರೆ ಸೀಟಿಯ ಸದ್ದು ಕೇಳಿದ ಕೂಡಲೇ ಹೊರಗೆ ಇಣುಕಿದ್ದ. ಗಾಡಿ ನಿಲ್ಲಿಸಬಾರದ ಕಡೆ ಅವನ ಕಾರು ನಿಂತಿತ್ತು, ಎಳೆದುಕೊಂಡು ಹೋಗುವವರು ಬಂದರೆಂದು ಅವನ ಜೀವ ಹಾರಿತ್ತು.

"ಕಾರು ಅಲ್ಲೇ ಇತ್ತು ಮೇಡಂ, ಪುಣ್ಯ. ಆದ್ರೆ ಆ ಗಾರ್ಡು ಇದ್ದಾನಲ್ಲ, ಸೀಟಿಗೆ ಸರಿಯಾಗಿ ಪಿಸ್ತೂಲು ಒಳಗಿಟ್ಟು ಬಟನ್ ಹಾಕ್ದ. ಆಫೀಸು ಮುಗೀತು, ಮನೆಗೆ ಹೊರಟೆ ಅನ್ನೋ ಥರ. ಅವನ ಮುಖದಲ್ಲಿ ಭಯಾನೇ ಇರ್ಲಿಲ್ಲ."

ಸೀಟಿ ಹೇಗಿತ್ತು ಎಂದು ಕೇಳಿದ್ದಕ್ಕೆ, ರೋಗಿಯ ಬಾಯಿಯಲ್ಲಿ ಹತ್ತಿ ತುರುಕುತ್ತಲೇ ಪೀ, ಪೀ, ಪೀಈಈ ಎಂದು ಊದಿ ತೋರಿಸಿದ್ದ.

ಆ ಹೊತ್ತಿಗೆ ಆ ಬೀದಿಯಲ್ಲಿ ಸಂಚಾರ ಪೊಲೀಸರು ಯಾರೂ ಇರಲಿಲ್ಲ. ಸೀಟಿಯನ್ನು ಕೇಳಿದೆ ಎಂದವನು ಡಾಕ್ಟರ್ ಒಬ್ಬನೇ. ವ್ಯಾನಿನ ಡ್ರೈವರ್ ಸ್ಟೀರಿಂಗ್ ಹಿಡಿದು ಪಕ್ಕದಲ್ಲೇ ಕೂತಿದ್ದವನು. ಅವನು ಠಾಣೆಯ ಬೆಂಚಿನ ಮೇಲೆ ಬಿಕ್ಕಿಬಿಕ್ಕಿ ಅತ್ತಿದ್ದ. "ನನಗೆ ಅವನು ತಮ್ಮ ಇದ್ದ ಹಾಗೆ ಮೇಡಂ. ಯಾಕೆ ಒಳಗಿಟ್ಟ ಅಂತ ದೇವರಿಗೇ ಗೊತ್ತು. ಸೀಟಿ ಗೀಟಿ ಏನೂ ಇಲ್ಲ, ಇದ್ದಿದ್ರೆ ನನಗೆ ಕೇಳಿಸ್ತಿರ್ಲಿಲ್ವಾ?"

ದೊಡ್ಡ ಸಾಹೇಬರು ಮೇಜು ತಟ್ಟಿ ನಕ್ಕಿದ್ದರು. "ಪಕ್ಕದಲ್ಲಿದ್ದವನಿಗೆ ಕೇಳಿಸಿಲ್ಲ, ಮಹಡಿ ಮೇಲಿದ್ದ ಹಲ್ಲು ಕೀಳೋನಿಗೆ ಕೇಳಿಸಿದೆ."

ಅಂದಿನಿಂದ ಅವಳು ದಿನಾ ಬೆಳಿಗ್ಗೆ ಇಲ್ಲಿಗೆ ಬಂದಿದ್ದಳು. ಶುರುಮಾಡಲು ಒಂದು ಸೀಟಿ, ನಿಲ್ಲಿಸಲು ಎರಡು ಗಿಡ್ಡ ಒಂದು ಉದ್ದ, ಹಾಗೇ ಊದಿ ಎಂದು ಮೇಷ್ಟ್ರಿಗೆ ಹೇಳಿದ್ದಳು. ಯಾಕೆಂದು ಹೇಳಿರಲಿಲ್ಲ. ಪಳಗಿದ ಕೈ, ಎದುರಿಗೆ ಸಾವು ನಿಂತಿರುವಾಗಲೂ ಸೀಟಿಯ ಮಾತು ಕೇಳುತ್ತದೆಯೇ? ಇನ್ನೊಬ್ಬರ ಮೇಲೆ ಪರೀಕ್ಷೆ ಮಾಡಿದರೆ ನಂಬಿಕೆ ಬರುವುದಿಲ್ಲ. ಅದಕ್ಕೆ ತನ್ನ ಕೈಯನ್ನೇ ಒಡ್ಡಿದ್ದಳು.

ಉತ್ತರ ಸಿಕ್ಕಿತ್ತು. ಅವಳ ಬೆನ್ನಿಗೆ ಧೂಳು ಮೆತ್ತಿತ್ತು.

* * *

ಮೇಷ್ಟ್ರ ಕೋಣೆ ಎಂದರೆ ಒಂದು ಶೆಡ್ಡು. ಗನ್ ಎಣ್ಣೆಯ ವಾಸನೆ, ಗೋಡೆಗೆ ಒರಗಿಸಿದ ತೂತು ಬಿದ್ದ ಹಲಗೆ ಮನುಷ್ಯರು, ಕಾಲು ಕುಂಟುವ ಒಂದು ಮೇಜು. ಅವರು ಫ್ಲಾಸ್ಕಿನಿಂದ ಎರಡು ಲೋಟಕ್ಕೆ ಟೀ ಬಗ್ಗಿಸಿದರು.

"ಈಗಲಾದ್ರೂ ಬಾಯಿ ಬಿಡು. ಏನಿದು ಹುಚ್ಚಾಟ?"

ಅವಳು ಲೋಟ ಮುಟ್ಟಲಿಲ್ಲ. "ವ್ಯಾನಿನ ಗಾರ್ಡು ಪಿಸ್ತೂಲು ಒಳಗಿಟ್ಟಿದ್ದು ಸೀಟಿ ಕೇಳಿ. ನೀವು ಹತ್ತು ದಿನದಿಂದ ನನಗೆ ಊದ್ತಾ ಇದ್ದೀರಲ್ಲ, ಅದೇ ಸೀಟಿ."

ಮುದುಕನ ಕೈಯಲ್ಲಿ ಫ್ಲಾಸ್ಕು ಹಾಗೇ ನಿಂತಿತು.

"ಅವನಿಗೆ ಗುಂಡು ಹೊಡೆಯೋದು ಕಲಿಸಿದ್ದು ನೀವೊಬ್ರೇ. ಬೇರೆ ಕಡೆ ಎಲ್ಲೂ ಅವನು ಕಲಿತಿಲ್ಲ, ವಿಚಾರಿಸಿದೀನಿ," ಎಂದಳು ಅವಳು. "ನಡುರಸ್ತೇಲಿ ಯಾರೋ ಅದನ್ನ ಊದಿದಾರೆ. ಅವನ ಕೈ ಇಲ್ಲಿ ಕಲಿತದ್ದನ್ನೇ ಮಾಡಿದೆ. ಊದಿದವನಿಗೆ ಈ ಪಾಠ ಗೊತ್ತಿತ್ತು. ಈಗ ನಾನು ಯಾರನ್ನ ಕೇಳ್ಬೇಕು, ನೀವೇ ಹೇಳಿ."

"ನನ್ನನ್ನ ಕೇಳ್ತಿದೀಯ."

"ಹೌದು."

"ಹತ್ತು ದಿನದಿಂದ ನನ್ನ ಎದುರಿಗೇ ಓಡಿ, ನನ್ನ ಕೈಲೇ ಊದಿಸಿ, ನನ್ನ ಟೀ ಕುಡಿದು, ನನ್ನನ್ನೇ ಕಳ್ಳ ಅಂತ ನೋಡ್ತಿದ್ದೆ."

"ಮೊದಲನೇ ದಿನ ಎರಡು ಗಿಡ್ಡ ಒಂದು ಉದ್ದ ಅಂದಾಗ ನಿಮ್ಮ ಮುಖಾನೇ ನೋಡ್ತಿದ್ದೆ ಮೇಷ್ಟ್ರೇ. ಏನೂ ಬದಲಾಗ್ಲಿಲ್ಲ. ಅದಕ್ಕೇ ಇವತ್ತು ಜೀಪಲ್ಲಿ ಕೂರಿಸ್ದೆ ಇಲ್ಲೇ ಮಾತಾಡ್ತಿದೀನಿ."

ಇದು ಸಮಾಧಾನದ ಮಾತಾಗಿರಲಿಲ್ಲ, ಅದು ಅವಳಿಗೂ ಗೊತ್ತಿತ್ತು. ಮುದುಕ ಫ್ಲಾಸ್ಕನ್ನು ಮೇಜಿನ ಮೇಲೆ ಕುಕ್ಕಿದರು. ಮೇಜು ಓಲಾಡಿ ಟೀ ಚೆಲ್ಲಿತು.

"ನೀನು ಇಲ್ಲಿ ಕಲೀವಾಗ ನಿನ್ನನ್ನ ಹೇಗೆ ನಿಲ್ಲಿಸ್ತಿದ್ದೆ, ಹೇಳು."

ಇಪ್ಪತ್ತು ವರ್ಷ ಹಿಂದಿನ ಒಂದು ಭಾರ ಅವಳ ಭುಜದ ಮೇಲೆ ಬಂದು ಕೂತಿತು. ಎಣ್ಣೆ ಮೆತ್ತಿದ ದಪ್ಪ ಅಂಗೈ.

"ಹೇಳಮ್ಮ. ಇನ್‌ಸ್ಪೆಕ್ಟರ್ ಆದ ಮೇಲೆ ನಾಲಿಗೆ ಬಿದ್ದೋಯ್ತಾ?"

"ಭುಜದ ಮೇಲೆ ಕೈ ಇಡ್ತಿದ್ರಿ. ಈಗ ಬದಲಾಯಿಸಿರಬಹುದು ಅಂದ್ಕೊಂಡೆ."

"ಬದಲಾಯಿಸೋಕೆ ನಾನೇನು ನಿಮ್ಮ ಇಲಾಖೇನಾ?" ಅವರ ದನಿ ಏರಿತು. "ಶುರುಮಾಡೋಕೆ ಸೀಟಿ ಊದ್ತೀನಿ, ನಿಲ್ಸೋಕೆ ಈ ಜನ್ಮದಲ್ಲಿ ಊದಿಲ್ಲ. ನೀನು ಹೇಳಿದೆ ಅಂತ ಮೊದಲ್ನೇ ಸಲ ಊದಿದ್ದು. ದೂರದಿಂದ ಬರೋ ಸದ್ದಿಗೆ ಬಂದೂಕು ಇಳಿಸೋದನ್ನ ಯಾರಿಗೂ ಕಲಿಸಬಾರದು. ಸದ್ದು ಯಾರು ಬೇಕಾದ್ರೂ ಮಾಡಬಹುದು. ಭುಜದ ಮೇಲೆ ಕೈ ಬೀಳಬೇಕಾದ್ರೆ ನಮ್ಮವನೇ ಒಬ್ಬ ಬೆನ್ನ ಹಿಂದೆ ಇರ್ಬೇಕು. ನಲವತ್ತು ವರ್ಷದಿಂದ ಹೀಗೇ ಕಲಿಸಿದೀನಿ, ಹೋಗಿ ಯಾರನ್ನ ಬೇಕಾದ್ರೂ ಕೇಳು."

ಚೆಲ್ಲಿದ ಟೀ ಮೇಜಿನ ಅಂಚಿನಿಂದ ತೊಟ್ಟಿಕ್ಕುತ್ತಿತ್ತು.

ಅವಳಿಗೆ ನಾಚಿಕೆಯಾಯಿತು. ಅದಕ್ಕಿಂತ ಹೆಚ್ಚಾಗಿ ಹೆದರಿಕೆಯಾಯಿತು. ಸೀಟಿ ಇಲ್ಲಿಯದಲ್ಲವಾದರೆ ಎಲ್ಲಿಯದು? ಕೈಗೆ ಅಷ್ಟು ಆಳವಾಗಿ ಇಳಿಯಬೇಕಾದರೆ ಒಂದೆರಡು ದಿನದ ಪಾಠ ಸಾಲದು. ಯಾರೋ ಕೂತು, ಹೊತ್ತು ಕೊಟ್ಟು, ಮತ್ತೆ ಮತ್ತೆ ತಿದ್ದಿ ಕಲಿಸಿದ್ದಾರೆ.

"ಅವನು ಹೇಗಿದ್ದ ಮೇಷ್ಟ್ರೇ, ಹೊಡೆಯೋದ್ರಲ್ಲಿ?"

ಮುದುಕನ ಸಿಟ್ಟು ಥಟ್ಟನೆ ಇಳಿಯಿತು. "ನಡುಗ್ತಿದ್ದ. ನಡುಗಪ್ಪ ಅಂತಾನೇ ಕರೀತಿದ್ದೆ. ಹಲಗೆ ಮೇಲಾದ್ರೆ ಚಿನ್ನದಂಥ ಗುರಿ. ಮಾವ ಓಡಿ ಬಂದ ಅಂದ್ರೆ ಬಟನ್ ಬಿಚ್ಚೋಕೂ ಬರ್ತಿರ್ಲಿಲ್ಲ. ಪರೀಕ್ಷೇಲಿ ಒಂದು ಸಲ ಫೇಲಾದ. ಇನ್ನೊಂದು ಸಲ ಆದ್ರೆ ಕೆಲಸದಿಂದ ತೆಗೀತಾರೆ. ಇಲ್ಲೇ ಕೂತು ಅತ್ತ, ನೀನು ಕೂತಿದೀಯಲ್ಲ, ಅದೇ ಸ್ಟೂಲು."

"ಆಮೇಲೆ?"

"ಮನೇಲಿ ಅಭ್ಯಾಸ ಮಾಡಪ್ಪ ಅಂದೆ. ದಿನಾ ಸಂಜೆ, ಗುಂಡಿಲ್ಲದೆ. ಯಾರಾದ್ರೂ ಹಿಂದೆ ನಿಂತು ಭುಜ ಮುಟ್ಲಿ, ಆಗ ಒಳಗಿಡು ಅಂತಾನೂ ಹೇಳಿದ್ದೆ. ಮೂರು ತಿಂಗಳು ಕಳೆದು ಬಂದ ನೋಡು, ನಡುಕ ಇಲ್ಲ ಏನಿಲ್ಲ. ತೆಗೆಯೋದು, ಎರಡು ಹೊಡೆಯೋದು, ಒಳಗಿಡೋದು, ನೀರು ಹರಿದ ಹಾಗೆ. ಭುಜ ಮುಟ್ಟೋಕೆ ನಾನು ಕೈ ಎತ್ತೋ ಮುಂಚೇನೇ ಒಳಗಿಟ್ಟಿರ್ತಿದ್ದ. ಆತುರ ಅಂದ್ಕೊಂಡೆ. ಪಾಸು ಅಂತ ನಾನೇ ಸಹಿ ಹಾಕ್ದೆ." ಅವರು ಕಣ್ಣೊರೆಸಿಕೊಳ್ಳಲಿಲ್ಲ, ಕಣ್ಣೀರನ್ನು ತಾನಾಗಿ ಇಳಿಯಲು ಬಿಟ್ಟರು. "ನಾನು ಖುಷಿಪಟ್ಟೆ ಕಣಮ್ಮ."

ಅವಳು ಎದ್ದು ಗೋಡೆಯ ಬಳಿಯ ಹಲಗೆ ಮನುಷ್ಯನ ಎದುರು ನಿಂತಳು. ಅದರ ಭುಜ ಮುಟ್ಟಲು ಕೈ ಚಾಚಿದಳು, ಆಮೇಲೆ ಎರಡು ಹೆಜ್ಜೆ ಹಿಂದೆ ಸರಿದಳು. ಕೈ ನಿಲುಕಲಿಲ್ಲ.

"ಮೇಷ್ಟ್ರೇ, ಭುಜ ಮುಟ್ಟಿ ಅಂತ ನೀವು ಹೇಳಿಕೊಟ್ರೂ, ಮನೇಲಿ ಒಬ್ರು ಸೀಟಿ ಊದಿದಾರೆ. ಯಾಕೆ?"

"ಯಾಕೆ ಅಂದ್ರೆ?"

"ಹಿಂದೆ ನಿಂತವರಿಗೆ ಸೀಟಿ ಬೇಕಾಗಲ್ಲ. ಎದುರಿಗೆ ನಿಂತವರಿಗೆ ಬೇಕಾಗುತ್ತೆ. ಮನೇಲಿ ಯಾರೋ ಗೋಣಿಮಾವ ಆಗಿದ್ರು. ದಿನಾ ಸಂಜೆ ಅವನ ಎದುರಿಗೆ ಕಳ್ಳನಾಗಿ ನಿಲ್ತಿದ್ರು."

ಮುದುಕ ಗಾರ್ಡು ಕೂತು ಅತ್ತ ಸ್ಟೂಲಿನ ಕಡೆ ತಿರುಗಿದರು.

ಅವಳ ಫೋನು ಕುಣಿಯಿತು. ದೊಡ್ಡ ಸಾಹೇಬರು.

"ಸಿಹಿ ಸುದ್ದಿ ಕಣಮ್ಮ. ಯಾರೋ ಹೆಸರು ಹೇಳದೆ ಫೋನ್ ಮಾಡಿದ್ರು. ಕಳ್ಳ ಬಳಸಿದ ಪಿಸ್ತೂಲು ಗಾರ್ಡಿನ ಮನೇಲೇ ಇದೆಯಂತೆ. ನಾಳೆ ಬೆಳಿಗ್ಗೆ ಶೋಧ. ಪಿಸ್ತೂಲು ಸಿಕ್ಕಿದ್ರೆ ಹೆಂಡ್ತೀನೂ ಎಳ್ಕೊಂಡು ಬನ್ನಿ. ಫೈಲು ಕಟ್ಟಿ ಬೀರುವಿಗೆ ಹಾಕೋಣ."

ಸತ್ತವನ ಮೇಲೆ ತಪ್ಪು ಹೊರಿಸಿದ್ದು ಸಾಲದೆಂದು ಬದುಕಿದವಳ ಮೇಲೂ ಹೊರಿಸಲು ಹೊರಟಿದ್ದರು. ಹೂಂ ಎಂದು ಅವಳು ಫೋನು ಇಟ್ಟಳು.

"ಎಲ್ಲಿಗೆ?" ಎಂದರು ಮೇಷ್ಟ್ರು.

"ಅವನ ಮನೆಗೆ. ಮಾವ ಯಾರು ಅಂತ ಹೆಂಡತೀನ ಕೇಳ್ಬೇಕು." ಅವಳೇ ಮಾವನಾಗಿದ್ದರೆ ಎಂಬ ಯೋಚನೆ ಬಾಯಿಗೆ ಬಂದಿತ್ತು, ನುಂಗಿಕೊಂಡಳು.

ಮೇಷ್ಟ್ರು ಬಾಗಿಲಿಗೆ ಅಡ್ಡ ನಿಂತರು. "ಹೀಗೇ ಹೋಗ್ಬೇಡ. ನಾಲ್ಕು ದಿನ ಬಂದು ಆ ಗೀಳು ಬಿಡಿಸ್ಕೊಂಡು ಹೋಗು. ಕೈಗೆ ಇಳಿಸೋದು ಸುಲಭ, ಕೈಯಿಂದ ಇಳಿಸೋದು ಕಷ್ಟ."

"ನಾಲ್ಕು ದಿನ ಎಲ್ಲಿದೆ ಮೇಷ್ಟ್ರೇ? ನಾಳೆ ಬೆಳಿಗ್ಗೆ ಅವಳ ಕೈಗೆ ಕೋಳ ಬೀಳುತ್ತೆ."

ಮುದುಕ ದಾರಿ ಬಿಟ್ಟರು. ಅವಳು ಹಾದುಹೋಗುವಾಗ ಅವಳ ಭುಜದ ಮೇಲೆ ಒಮ್ಮೆ ಕೈ ಇಟ್ಟು ತೆಗೆದರು.

* * *

ಎರಡನೇ ಮಹಡಿಯ ಆ ಬಾಗಿಲಿನ ಮೇಲೆ ಯಾರೋ ಇದ್ದಿಲಿನಲ್ಲಿ ದ್ರೋಹಿ ಎಂದು ಗೀಚಿದ್ದರು. ಉಜ್ಜಿ ಉಜ್ಜಿ ಬಾಗಿಲಿನ ಬಣ್ಣ ಹೋಗಿತ್ತು, ಅಕ್ಷರ ಹೋಗಿರಲಿಲ್ಲ.

ಗಾರ್ಡಿನ ಹೆಂಡತಿ ಬಾಗಿಲು ತೆರೆದಳು. ಕಣ್ಣಿನ ಸುತ್ತ ಕಪ್ಪು ಕಟ್ಟಿತ್ತು. ಹೊಲಿಗೆ ಯಂತ್ರದ ಮೇಲೆ ಅರ್ಧ ಹೊಲಿದ ಬಟ್ಟೆ ಹಾಗೇ ಬಿದ್ದಿತ್ತು. ಹೊಲಿಸಲು ಕೊಟ್ಟವರು ವಾಪಸು ಕೇಳಿದ್ದರಂತೆ. ಶಾಲೆಯಲ್ಲಿ ಮಗಳ ಪಕ್ಕ ಯಾರೂ ಕೂರುತ್ತಿರಲಿಲ್ಲವಾದ್ದರಿಂದ ಅವಳನ್ನು ಅಜ್ಜಿಯ ಮನೆಗೆ ಕಳಿಸಿಯಾಗಿತ್ತು.

"ಬನ್ನಿ ಮೇಡಂ. ಇನ್ನೇನು ಬಾಕಿ ಇದೆ ಹೇಳೋಕೆ?"

"ಹೇಳೋಕಲ್ಲ, ಕೇಳೋಕೆ ಬಂದೆ ಕಣಮ್ಮ. ಕೂತ್ಕೋ."

ಒಳಗೆ ಅಡುಗೆಮನೆಯಲ್ಲಿ ಸ್ಪ್ಯಾನರಿನ ಸದ್ದು ಕೇಳುತ್ತಿತ್ತು. ಇನ್‌ಸ್ಪೆಕ್ಟರ್ ಅತ್ತ ನೋಡಿದಳು.

"ಅಣ್ಣ ಬಂದಿದಾರೆ," ಎಂದಳು ಹೆಂಡತಿ. "ಸಿಂಕ್ ಕೆಳಗೆ ಪೈಪು ಸೋರ್ತಿದೆಯಂತೆ. ನನಗೆ ಅದೂ ಗೊತ್ತಿರ್ಲಿಲ್ಲ. ಅವರೇ ನೋಡಿ ಹೇಳಿದ್ರು, ಅವರೇ ಸರಿಮಾಡ್ತಿದಾರೆ. ಮಿಕ್ಕವರು ಈ ಕಡೆ ತಲೆ ಹಾಕಲ್ಲ."

ಒಬ್ಬನಾದರೂ ಅಣ್ಣ ಉಳಿದಿದ್ದಾನಲ್ಲ ಎಂದುಕೊಂಡಳು ಇನ್‌ಸ್ಪೆಕ್ಟರ್. ಅವಳಿಗೆ ನಿಜವಾಗಿಯೂ ಸಮಾಧಾನವಾಯಿತು.

"ನಿನ್ನ ಗಂಡ ಮನೇಲಿ ಅಭ್ಯಾಸ ಮಾಡ್ತಿದ್ರಾ?"

ಹೆಂಡತಿ ಎದ್ದು ಕಪಾಟಿನಿಂದ ಒಂದು ಆಟದ ಪಿಸ್ತೂಲು ತಂದಳು. ಮಗಳದ್ದು. ಹಸಿರು ಪ್ಲಾಸ್ಟಿಕ್ಕಿನ ಮೇಲೆ ಕಪ್ಪು ಬಣ್ಣ ಬಳಿದಿತ್ತು, ಹಿಡಿಯ ಬಳಿ ಬಣ್ಣ ಸವೆದು ಹಸಿರು ಇಣುಕುತ್ತಿತ್ತು.

"ನಿಜವಾದ್ದನ್ನ ಆಫೀಸಲ್ಲೇ ಇಟ್ಟು ಬರ್ಬೇಕಿತ್ತು. ಬೆಲ್ಟು, ಒರೆ ಮಾತ್ರ ಮನೆಗೆ ತರ್ತಿದ್ರು. ದಿನಾ ಸಂಜೆ ಇಲ್ಲೇ." ಅವಳು ನೆಲ ತೋರಿಸಿದಳು. ಗೋಡೆಯ ಪಕ್ಕ ಕೆಂಪು ನೆಲದ ಮೇಲೆ ಎರಡು ಪಾದದ ಜಾಗ ಮಾಸಿತ್ತು. "ತೆಗೆಯೋದು, ಟಕ್ ಟಕ್ ಅನ್ನೋದು, ಒಳಗಿಡೋದು, ಬಟನ್ ಹಾಕೋದು. ಅನ್ನ ಆರಿಹೋದ್ರೂ ಬರ್ತಿರ್ಲಿಲ್ಲ. ಒಂದು ದಿನ ಕೈ ನಡುಗ್ಲಿಲ್ಲ ನೋಡಿ, ಮಗಳನ್ನ ಎತ್ಕೊಂಡು ಕುಣಿದ್ರು."

"ಒಳಗಿಡು ಅಂತ ಹೇಳೋಕೆ ಸೀಟಿ ಊದ್ತಿದ್ರಾ?"

"ಹೂಂ. ಮೇಷ್ಟ್ರು ಹಿಂದೆ ನಿಂತು ಭುಜ ಮುಟ್ಟೋಕೆ ಹೇಳಿದ್ರಂತೆ. ಆದ್ರೆ ಎದುರಿಗೆ ಕಳ್ಳ ಇದ್ರೇನೇ ಭಯ ಹೋಗೋದು ಅಂತ ಹೀಗೆ ಮಾಡ್ಕೊಂಡ್ರು."

"ನೋಡಮ್ಮ." ಇನ್‌ಸ್ಪೆಕ್ಟರ್ ಮುಂದಕ್ಕೆ ಬಾಗಿದಳು. ಬೇರೆ ಯಾರಿಗೂ ಇಷ್ಟು ಮೆತ್ತಗೆ ಅವಳು ಮಾತಾಡಿದ್ದಿಲ್ಲ. "ನಿನ್ನ ಗಂಡ ಕಳ್ಳರ ಕಡೆಯವನಲ್ಲ. ಬೀದೀಲಿ ಯಾರೋ ಆ ಸೀಟಿ ಊದಿದಾರೆ. ಅವನ ಕೈ ನಂಬಿ ಒಳಗಿಟ್ಟಿದೆ. ಅದು ನನಗೆ ಗೊತ್ತು, ನನ್ನ ಕೈಯಲ್ಲೇ ಮಾಡಿ ನೋಡಿದೀನಿ. ಆದ್ರೆ ಸಾಹೇಬರು ನಂಬಬೇಕಾದ್ರೆ ಊದಿದವನು ಬೇಕು. ಮನೇಲಿ ಎದುರಿಗೆ ನಿಲ್ತಿದ್ದಿದ್ದು ನೀನೇನಾ?"

ಹೆಂಡತಿ ಎರಡೂ ಕೈಯಿಂದ ಬಾಯಿ ಮುಚ್ಚಿಕೊಂಡಿದ್ದಳು. ಎರಡು ವಾರದಲ್ಲಿ ಅವನು ಕಳ್ಳನಲ್ಲ ಎಂದು ಯಾರೂ ಅವಳಿಗೆ ಹೇಳಿರಲಿಲ್ಲ. ಆಮೇಲೆ ಕೈ ತೆಗೆದಳು.

"ನಾನಲ್ಲ ಮೇಡಂ. ಆಟದ್ದಾದ್ರೂ ಅವರು ನನ್ನ ಕಡೆ ಗುರಿ ಇಡ್ತಿರ್ಲಿಲ್ಲ. ಅಣ್ಣ ನಿಲ್ತಿದ್ರು."

"ನಿನ್ನ ಒಡಹುಟ್ಟಿದ ಅಣ್ಣ?"

"ಒಡಹುಟ್ಟಿದವರು ಈಗ ಫೋನೂ ಎತ್ತಲ್ಲ. ಇವರು ವ್ಯಾನ್ ಓಡಿಸೋ ಅಣ್ಣ. ಪಾಪ, ಕೆಲಸ ಮುಗಿಸಿ ದಿನಾ ಬರ್ತಿದ್ರು."

ಅಡುಗೆಮನೆಯಲ್ಲಿ ಸ್ಪ್ಯಾನರಿನ ಸದ್ದು ನಿಂತಿತು.

ಪಕ್ಕದಲ್ಲೇ ಕೂತಿದ್ದವನಿಗೆ ಕೇಳಿಸದ ಸೀಟಿ. ಮನೆಯವಳಿಗೇ ಗೊತ್ತಿಲ್ಲದ ಸೋರುವ ಪೈಪು. ಹೆಸರು ಹೇಳದ ಫೋನು, ಇಲ್ಲಿ ತಂದಿಡಬೇಕಾದ ಕಳ್ಳನ ಪಿಸ್ತೂಲು, ನಾಳೆ ಬೆಳಿಗ್ಗೆಯ ಶೋಧ. ಎಲ್ಲವೂ ಒಮ್ಮೆಗೇ ತಲೆಗೆ ನುಗ್ಗಿ ಇನ್‌ಸ್ಪೆಕ್ಟರ್ ಎದ್ದು ನಿಂತಳು. ಮೂರು ತಿಂಗಳು ಅವನು ಈ ಮನೆಯಲ್ಲಿ ನಿಂತು ಸ್ನೇಹಿತನಿಗೆ ಸಾಯುವುದನ್ನು ಕಲಿಸಿದ್ದ. ಈ ಮನೆಯ ಅನ್ನ ಉಂಡು ಕಲಿಸಿದ್ದ.

ಅವಳ ಪಿಸ್ತೂಲು ಹೊರಬಂದಿತ್ತು.

"ಹೊರಗೆ ಬಾ."

ಡ್ರೈವರ್ ಅಡುಗೆಮನೆಯ ಬಾಗಿಲಿಗೆ ಬಂದ. ಪ್ಯಾಂಟಿನ ಮೊಣಕಾಲು ಒದ್ದೆಯಾಗಿತ್ತು. ಭುಜಕ್ಕೆ ಸಾಮಾನಿನ ಚೀಲ ನೇತುಬಿದ್ದಿತ್ತು, ಅದರ ಬಾಯಿ ತೆರೆದಿತ್ತು. ಮುಖದಲ್ಲಿ ಸಿಟ್ಟಿರಲಿಲ್ಲ. ಠಾಣೆಯ ಬೆಂಚಿನ ಮೇಲೆ ಅತ್ತಾಗ ಇದ್ದ ಮುಖವೇ ಇತ್ತು.

"ಕೈ ಮೇಲೆ," ಎಂದಳು ಇನ್‌ಸ್ಪೆಕ್ಟರ್.

"ಎತ್ತುತೀನಿ ಮೇಡಂ. ಗಾಬರಿ ಬೇಡ." ಎಡಗೈ ನಿಧಾನವಾಗಿ ಮೇಲೇರಿತು. ಅದರಲ್ಲಿ ವ್ಯಾನಿನ ಬೀಗದಕೈ ಗೊಂಚಲಿತ್ತು. ಕೈ ಗಲ್ಲದ ಬಳಿ ನಿಂತಿತು. "ಎಲ್ಲ ಕೇಳಿಸ್ತು. ನಿಮ್ಮ ಕೈಯಲ್ಲೇ ಮಾಡಿ ನೋಡಿದೀರಿ ಅಂದ್ರಲ್ಲ."

ಗೊಂಚಲಿನ ಸಂದಿಯಲ್ಲಿ ಉಕ್ಕಿನ ಸೀಟಿ ಹೊಳೆಯಿತು.

ಹೊಡಿ ಎಂದಿತು ಬುದ್ಧಿ. ಅವಳು ಅದನ್ನು ಸ್ಪಷ್ಟವಾಗಿ ಕೇಳಿಸಿಕೊಂಡಳು.

ಎರಡು ಗಿಡ್ಡ, ಒಂದು ಉದ್ದ.

ಟಿಚ್.

ಆ ಸದ್ದು ಗಾರ್ಡಿನ ಹೆಂಡತಿಗೆ ಚೆನ್ನಾಗಿ ಗೊತ್ತಿತ್ತು. ಅವಳು ಇನ್‌ಸ್ಪೆಕ್ಟರಿನ ಸೊಂಟವನ್ನು ನೋಡಿದಳು. ಹಾಕಿದ ಬಟನ್ನು, ಅದರ ಮೇಲೆ ಇನ್ನೂ ಒತ್ತಿಕೊಂಡಿದ್ದ ಹೆಬ್ಬೆರಳು. ಆಮೇಲೆ ಅಣ್ಣನ ಬಾಯಲ್ಲಿದ್ದ ಸೀಟಿಯನ್ನು ನೋಡಿದಳು.

"ಅವರೂ ಹೀಗೇ ಇಟ್ರಾ ಅಣ್ಣ?" ಎಂದು ಕೇಳಿದಳು.

ಡ್ರೈವರಿನ ಬಲಗೈ ಆಗಲೇ ಚೀಲದ ಒಳಗಿತ್ತು.